ಊಟದ ಹೊತ್ತಿಗೆ ಬರುವ ಮೇಡಂ

ನೆದರ್ಲ್ಯಾಂಡ್ಸ್‌ನ ಕಾಪೆಲ್ಲೆ ಆನ್ ಡೆನ್ ಐಸೆಲ್ ಊರಿನಲ್ಲಿ ಸಂಜೆ ಆರು ಗಂಟೆಗೆ ಇನ್ನೊಬ್ಬರ ಮನೆಯ ಬೆಲ್ ಒತ್ತುವವರು ಇಬ್ಬರೇ. ಒಬ್ಬ ಪಾರ್ಸೆಲ್ ತರುವವನು, ಇನ್ನೊಬ್ಬಳು ರಜನಿ ಮೇಡಂ. ಪಾರ್ಸೆಲಿನವನು ಡಬ್ಬ ಕೊಟ್ಟು ಹೋಗುತ್ತಾನೆ. ಮೇಡಂ ಒಳಗೆ ಬಂದು ಕೂರುತ್ತಾಳೆ.

ಆರು ಗಂಟೆ ಅಂದರೆ ಡಚ್ಚರಿಗೆ ಊಟದ ಹೊತ್ತು. ನಮ್ಮವರು ರಾಹುಕಾಲಕ್ಕೆ ಕೊಡುವುದಕ್ಕಿಂತ ಹೆಚ್ಚು ಮರ್ಯಾದೆಯನ್ನು ಅವರು ಆ ಹೊತ್ತಿಗೆ ಕೊಡುತ್ತಾರೆ. ಸ್ವಂತ ತಂಗಿ ಬಂದರೂ ‘ನಾವು ಊಟಕ್ಕೆ ಕೂತಿದ್ದೇವೆ’ ಎಂದು ಬಾಗಿಲಲ್ಲೇ ಹೇಳಿ ಕಳಿಸುತ್ತಾರೆ. ಹೇಳಿದವರಿಗೂ ಬೇಜಾರಿಲ್ಲ, ವಾಪಸು ಹೋದ ತಂಗಿಗೂ ಬೇಜಾರಿಲ್ಲ. ಯಾರ ಮನೆಗೆ ಹೋಗಬೇಕಾದರೂ ಮೊದಲೇ ದಿನ ಗೊತ್ತುಮಾಡಿಕೊಳ್ಳಬೇಕು, ಹೋದಾಗ ಕಾಫಿಯ ಜೊತೆ ಒಂದು ಬಿಸ್ಕತ್ತು ಸಿಗುತ್ತದೆ, ಆಮೇಲೆ ಡಬ್ಬದ ಮುಚ್ಚಳ ಬೀಳುತ್ತದೆ. ಇದನ್ನೆಲ್ಲ ರಜನಿಗೆ ಗಂಡ ಕೇಶವ ಬಂದ ಹೊಸದರಲ್ಲೇ ವಿವರಿಸಿದ್ದ. ಅವಳು ಕೇಳಿಸಿಕೊಂಡಿದ್ದಳು ಕೂಡ. ಆದರೆ ಹೆಂಡತಿ ಕೇಳಿಸಿಕೊಂಡಳು ಎಂದ ಮಾತ್ರಕ್ಕೆ ಒಪ್ಪಿದಳು ಎಂದುಕೊಳ್ಳುವುದು ಕೇಶವನ ಹಳೆಯ ತಪ್ಪು.

“ಎಲ್ರೂ ಮನೇಲಿ ಸಿಗೋದೇ ಊಟದ ಹೊತ್ತಿಗೆ ಅಲ್ವೇನ್ರೀ? ಇನ್ಯಾವಾಗ ಹೋಗ್ಲಿ?” ಎಂಬುದು ಅವಳ ವಾದ. ಈ ವಾದ ಅವಳ ಸ್ವಂತದ್ದಲ್ಲ, ಚನ್ನರಾಯಪಟ್ಟಣದ್ದು. ಅವಳ ಅಪ್ಪ ತಿಮ್ಮಯ್ಯ ಮೇಷ್ಟ್ರು ಅಲ್ಲಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಹುಡುಗ ನಾಲ್ಕು ದಿನ ಶಾಲೆಗೆ ಬರದಿದ್ದರೆ ಮೇಷ್ಟ್ರು ಅವನ ಮನೆ ಜಗಲಿಯ ಮೇಲೆ ಹೋಗಿ ಕೂರುತ್ತಿದ್ದರು. ಬೈಯುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದರು. ಕೆಲಸ ಆಗುವವರೆಗೆ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಊರಿಗೆ ಊರೇ ಅವರಿಗೆ ಹೆದರುತ್ತಿದ್ದದ್ದು ಅವರ ಬೆತ್ತಕ್ಕಲ್ಲ, ಆ ಕೂರುವಿಕೆಗೆ.

ಮಗಳು ಕೇಶವನ ಕೆಲಸದ ಬೆನ್ನು ಹತ್ತಿ ನೆದರ್ಲ್ಯಾಂಡ್ಸ್‌ಗೆ ಬಂದಳು. ಮನೆಯಲ್ಲಿ ಕೂತು ಕೂತು ಬೇಜಾರಾಗಿ ಡಚ್ ಕಲಿತಳು. ಗಣಿತದ ಮೇಷ್ಟ್ರುಗಳಿಗೆ ಆ ದೇಶದಲ್ಲಿ ಬರಗಾಲ ಇದ್ದದ್ದರಿಂದ, ಬೇಕಾದ ಪರೀಕ್ಷೆಗಳನ್ನು ಪಾಸು ಮಾಡಿಕೊಂಡ ಕೂಡಲೇ ಊರಿನ ಒಂದು ಶಾಲೆ ಅವಳನ್ನು ಕರೆದು ಕೆಲಸ ಕೊಟ್ಟಿತು. ಯಾಕೆ ಅಷ್ಟು ಬೇಗ ಕೊಟ್ಟರು ಎಂಬುದು ಮೊದಲ ದಿನವೇ ತಿಳಿಯಿತು. ಅವಳ ಪಾಲಿಗೆ ಬಂದ ಮೂರನೆಯ ವರ್ಷದ ತರಗತಿಯಿಂದ ಹಿಂದಿನ ಗಣಿತದ ಸಾರ್ ಕಣ್ಣೀರು ಒರೆಸಿಕೊಂಡು ಹೋದವರು ಮರಳಿ ಬಂದಿರಲಿಲ್ಲ.

ಅಲ್ಲಿ ಹನ್ನೆರಡು ವರ್ಷಕ್ಕೇ ಮಕ್ಕಳನ್ನು ಜರಡಿ ಹಿಡಿಯುತ್ತಾರೆ. ನೀನು ಯೂನಿವರ್ಸಿಟಿಯ ದಾರಿಗೆ, ನೀನು ಕೈಕೆಲಸದ ದಾರಿಗೆ ಎಂದು ಪ್ರೈಮರಿ ಶಾಲೆಯೇ ಹೇಳಿ ಕಳಿಸುತ್ತದೆ. ರಜನಿಯ ಶಾಲೆ ಎರಡನೆಯ ದಾರಿಯದು. ಅವಳ ತರಗತಿ ಆ ದಾರಿಯಲ್ಲೂ ಚರಂಡಿಗೆ ಇಳಿದವರದು. ಕುರ್ಚಿ ಎಸೆದವರು, ಬಾಗಿಲು ಮುರಿದವರು, ಮನೆಯಲ್ಲಿ ಏನೇನೋ ಕಂಡು ಶಾಲೆಯಲ್ಲಿ ಅದನ್ನು ಕಾರಿಕೊಳ್ಳುವವರು. ಮೊದಲ ದಿನ ಡೆಮಿ ಎಂಬ ಹುಡುಗಿ ಬೆಂಚಿನ ಮೇಲೆ ಶೂ ಕಾಲಿಟ್ಟು, “ಯುಫ್, ನೀವು ಎಷ್ಟು ದಿನ ಇರ್ತೀರಿ? ನಾವು ಬೆಟ್ ಕಟ್ಟಿದ್ದೀವಿ” ಎಂದು ಕೇಳಿದಳು. ಯುಫ್ ಎಂದರೆ ಅಲ್ಲಿ ಟೀಚರ್.

“ನೀನೆಷ್ಟು ಅಂದೆ?”

“ಶುಕ್ರವಾರದವರೆಗೆ.”

“ಸೋತೆ. ಕಾಲು ಇಳಿಸು” ಎಂದಳು ರಜನಿ. ಮತ್ತೆ ಏನು ಮಾಡುವುದೋ ತಿಳಿಯದೆ, ಅಪ್ಪ ಗಲಾಟೆ ತರಗತಿಗೆ ಏನು ಮಾಡಿಸುತ್ತಿದ್ದರೋ ಅದನ್ನೇ ಮಾಡಿಸಿದಳು. ಮಗ್ಗಿ ಹೇಳಿಸಿದಳು.

ಭಾಷೆ ಡಚ್ಚು, ರಾಗ ಚನ್ನರಾಯಪಟ್ಟಣದ್ದು. ಒಬ್ಬರು ಎತ್ತಿಕೊಡಬೇಕು, ಉಳಿದವರು ಒಟ್ಟಿಗೆ ಕೂಗಬೇಕು. ಏಳೆಂಟ್ಲೆ ಬಂದಾಗ ಎಲ್ಲರೂ ಗಪ್ ಚಿಪ್ ಆಗಿ ಒಬ್ಬರ ಕಡೆ ಬೆರಳು ತೋರಿಸಬೇಕು, ಬೆರಳು ಯಾರ ಕಡೆಗೋ ಅವರು ಒಬ್ಬರೇ ಉತ್ತರ ಕೂಗಬೇಕು. ತಿಮ್ಮಯ್ಯ ಮೇಷ್ಟ್ರ ಈ ಪದ್ಧತಿ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಕೂಗಿ ಕೂಗಿ ಪಳಗಿದ ಗಂಟಲುಗಳಿಗೆ ಸಿಕ್ಕಿದಾಗ ಕಟ್ಟಡವೇ ನಡುಗಿತು. ಟೀಮ್ ಲೀಡರ್ ಹೆಂಕ್, ಹೊಡೆದಾಟವೇ ಆಗುತ್ತಿದೆ ಎಂದು ಹೆದರಿ ಓಡಿ ಬಂದ. ಬಾಗಿಲು ತೆಗೆದದ್ದೂ ಏಳೆಂಟ್ಲೆ ಬಂದದ್ದೂ ಒಂದೇ ಆಯಿತು. ಬೆರಳುಗಳೆಲ್ಲ ಅವನ ಕಡೆ ತಿರುಗಿದವು. ಇತಿಹಾಸದ ಮೇಷ್ಟ್ರಾದ ಹೆಂಕ್, “ಐವತ್ತ... ನಾಲ್ಕು?” ಎಂದ. ಅವತ್ತಿನಿಂದ ಆ ಮಕ್ಕಳು ಗಣಿತದ ಕ್ಲಾಸು ತಪ್ಪಿಸಿಕೊಳ್ಳುವುದು ಕಡಿಮೆಯಾಯಿತು.

ತಪ್ಪಿಸಿಕೊಂಡವರ ಮನೆಗೆ ರಜನಿ ಹೋಗುತ್ತಿದ್ದಳು. ಆ ದೇಶದಲ್ಲಿ ಕಿಟಕಿಗೆ ಪರದೆ ಎಳೆಯುವ ಅಭ್ಯಾಸ ಇಲ್ಲದಿರುವುದು ಅವಳಿಗೆ ಅನುಕೂಲವೇ ಆಯಿತು. ಬೀದಿಯಲ್ಲಿ ಸೈಕಲ್ ನಿಲ್ಲಿಸಿ, ಊಟಕ್ಕೆ ಕೂತವರಿಗೆ ಗಾಜಿನ ಹೊರಗಿನಿಂದಲೇ ಕೈ ಬೀಸುತ್ತಿದ್ದಳು. ಮನೆಯಲ್ಲಿ ಇಲ್ಲ ಎಂದು ಹೇಳಿಸುವ ದಾರಿಯೇ ಇಲ್ಲ.

ಡೆಮಿ ಒಂದು ವಾರ ನಾಪತ್ತೆಯಾದಾಗ ಹೋದದ್ದು ಅವಳ ಅಜ್ಜಿಯ ಮನೆಗೆ. ಅಜ್ಜಿ ಬಾಗಿಲು ತೆಗೆದು, “ನಾವು ಊಟ ಮಾಡ್ತಿದ್ದೀವಿ” ಎಂದು ಖಡಾಖಂಡಿತವಾಗಿ ಹೇಳಿದಳು. ಇಷ್ಟು ಹೇಳಿದರೆ ಡಚ್ ಮನುಷ್ಯ ಬೀದಿಯ ಆ ಕೊನೆ ಸೇರಿರುತ್ತಾನೆ. “ಪರವಾಗಿಲ್ಲ, ನಿಧಾನಕ್ಕೆ ಊಟ ಮಾಡಿ, ಕಾಯ್ತೀನಿ” ಎಂದು ರಜನಿ ಒಳಗೆ ಬಂದು ಸೋಫಾದ ಮೇಲೆ ಕೂತಳು. ಅಜ್ಜಿಯ ಎಪ್ಪತ್ತು ವರ್ಷದ ಬಾಳಿನಲ್ಲಿ ಇಂಥ ಪ್ರಸಂಗ ಬಂದಿರಲಿಲ್ಲ. ತಲೆ ಎಣಿಸಿ ಬೇಯಿಸಿದ ಆಲೂಗಡ್ಡೆ. ಅಜ್ಜಿ ರಜನಿಯನ್ನು ನೋಡಿದಳು, ತಟ್ಟೆ ನೋಡಿದಳು, ಮತ್ತೆ ರಜನಿಯನ್ನು ನೋಡಿದಳು. ಕೊನೆಗೆ ತನ್ನ ತಟ್ಟೆಯಿಂದಲೇ ಒಂದು ಆಲೂಗಡ್ಡೆ ತೆಗೆದು ಸಾಸರಿನಲ್ಲಿಟ್ಟು ಕೊಟ್ಟಳು. ರಜನಿ ಅದನ್ನು ತಿಂದು, “ತುಂಬಾ ಚೆನ್ನಾಗಿದೆ” ಎಂದಳು. ಉಪ್ಪು ಇರಲಿಲ್ಲ, ಆ ಮಾತು ಬೇರೆ. ಮುದುಕಿ ಗಳಗಳ ಅತ್ತು, ತನ್ನ ಮಗಳು ಮನೆ ಬಿಟ್ಟು ಹೋದ ಕಥೆಯನ್ನೆಲ್ಲ ಹೇಳಿಕೊಂಡಳು. ಮರುದಿನ ಡೆಮಿ ಶಾಲೆಗೆ ಬಂದು, “ಅವಳು ನಮ್ಮನೆ ಆಲೂಗಡ್ಡೆ ತಿಂದಿದ್ದಾಳೆ, ಯಾರಾದ್ರೂ ಅವಳ ತಂಟೆಗೆ ಬಂದ್ರೆ ಹುಷಾರ್” ಎಂದು ತರಗತಿಗೆ ಸಾರಿದಳು.

ಇಷ್ಟೆಲ್ಲ ಗೆದ್ದ ರಜನಿಗೆ ತೊಡಕಾದದ್ದು ನಮ್ಮವನೇ ಒಬ್ಬ.

ಮೊದಲ ದಿನ ಹಾಜರಿ ಕರೆಯುವಾಗ ‘ಚಿರಾಗ್’ ಎಂಬ ಹೆಸರು ಬಂತು. ಕೊನೆಯ ಬೆಂಚಿನಲ್ಲಿ ಹುಡುಗನೊಬ್ಬ ಜಾಕೆಟ್ಟಿನ ಟೋಪಿಯೊಳಗೆ ಆಮೆಯಂತೆ ತಲೆ ಎಳೆದುಕೊಂಡ. ರಜನಿಗೆ ಗುರುತು ಹತ್ತಿತು. ಕನ್ನಡ ಕೂಟದ ನರಹರಿಯ ಮಗ. ನರಹರಿ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಆರ್ಕಿಟೆಕ್ಟ್. ತನ್ನ ಮಗ ಆಮ್ಸ್ಟೆಲ್‌ವೀನ್‌ನ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಓದುತ್ತಾನೆ, ಅಷ್ಟು ದೂರ ಓಡಾಡಿ ಸುಸ್ತಾಗುತ್ತಾನೆ, ಅದಕ್ಕೇ ಹಬ್ಬಗಳಿಗೆ ಬರುವುದಿಲ್ಲ ಎಂದು ಕೂಟಕ್ಕೆಲ್ಲ ಹೇಳಿಕೊಂಡು ಬಂದಿದ್ದ. ಹುಡುಗ ನೋಡಿದರೆ ಮನೆಯಿಂದ ಕೂಗಳತೆ ದೂರದಲ್ಲಿ ಈ ಬೆಂಚಿನಲ್ಲಿದ್ದಾನೆ.

ರಜನಿ ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಕೂಟದ ಆಕಾಶವಾಣಿ ಎಂದೇ ಹೆಸರಾದ ಇಂಚರಾ ಎದುರು ಬಂದಾಗಲೆಲ್ಲ ಹೊಟ್ಟೆ ಉಬ್ಬರಿಸಿದಂತಾಗುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಅವಳ ಮಟ್ಟಿಗೆ ಇದು ಸಣ್ಣ ತಪಸ್ಸಲ್ಲ.

ಚಿರಾಗ್‌ನಿಗೆ ಅಕ್ಷರಗಳೆಂದರೆ ಕಣ್ಣೆದುರು ಇರುವೆ ಹರಿದಂತೆ. ಕೂತಲ್ಲಿ ಕೂರಲಾರ. ಎರಡು ಸಲ ಫೈರ್ ಅಲಾರಂ ಒತ್ತಿದ್ದ, ಒಂದು ವರ್ಷ ನಪಾಸೂ ಆಗಿದ್ದ. ಆದರೆ ಮಗ್ಗಿ ಎತ್ತಿಕೊಡಲು ಅವನನ್ನು ನಿಲ್ಲಿಸಿದಾಗ ಹೊರಟ ಕಂಠ! ಮಾಡಿನ ಪಾರಿವಾಳಗಳು ಹಾರಿ ಹೋದವು. ಅವನು ಕೂಗಿದರೆ ತರಗತಿಯ ದೊಡ್ಡ ಪುಂಡರೂ ತಾಳ ತಪ್ಪುತ್ತಿರಲಿಲ್ಲ. ತನ್ನ ದನಿಯನ್ನು ಇನ್ನೊಬ್ಬರು ಕೇಳುತ್ತಾರೆ ಎಂಬುದು ಗೊತ್ತಾದ ದಿನದಿಂದ ಹುಡುಗ ಅಲಾರಂ ಒತ್ತುವುದನ್ನು ಬಿಟ್ಟ.

ಆ ಶಾಲೆಯಲ್ಲಿ ಮೂರನೆಯ ವರ್ಷದವರು ವಸಂತದಲ್ಲಿ ಒಂದು ವಾರ ಎಲ್ಲಾದರೂ ಹೊರಗೆ ಕೆಲಸ ಮಾಡಿ ಬರಬೇಕು. ಅದಕ್ಕೆ ಸ್ಟಾಜೆ ಎನ್ನುತ್ತಾರೆ. ಅದಾಗದಿದ್ದರೆ ಮುಂದಿನ ತರಗತಿ ಇಲ್ಲ. ಚಿರಾಗ್ ಈಗಾಗಲೇ ಒಂದು ಸಲ ನಪಾಸಾದವನು, ಮತ್ತೆ ಉಳಿಸಿಕೊಳ್ಳುವ ನಿಯಮವಿಲ್ಲ, ಶಾಲೆ ಬಿಟ್ಟು ಹೋಗಬೇಕಾಗುತ್ತಿತ್ತು. ಹುಡುಗ ತಾನೇ ಹೋಗಿ ಜಾಗ ಹುಡುಕಿಕೊಂಡ. ರಾಟರ್‌ಡ್ಯಾಮಿನ ಸಂತೆಯಲ್ಲಿ ಇದ್ರಿಸ್ ಎಂಬಾತನ ತರಕಾರಿ ಅಂಗಡಿ. ಅಲ್ಲಿ ಕೂಗಿ ಕೂಗಿ ವ್ಯಾಪಾರ. ಹುಡುಗನ ಕಂಠ ಕೇಳಿದ ಇದ್ರಿಸ್, “ಇವತ್ತಿಂದ್ಲೇ ಬಾ” ಎಂದಿದ್ದನಂತೆ.

ವಿಷಯ ಕೇಳಿ ನರಹರಿ ಮೇಲಕ್ಕೂ ಕೆಳಕ್ಕೂ ಹಾರಿದ. ಯಾಕೆಂದರೆ ಶನಿವಾರ ಆ ಅಂಗಡಿಯ ಮುಂದೆ ಕನ್ನಡ ಕೂಟಕ್ಕೆ ಕೂಟವೇ ಸೊಪ್ಪು, ಬೆಂಡೆಕಾಯಿಗೆ ನಿಂತಿರುತ್ತದೆ. ‘ಆಗಲ್ಲ’ ಎಂದ. ಅಪ್ಪ ಆಗಲ್ಲ ಎಂದ ಮೇಲೆ ಮಗ ಶಾಲೆಗೇ ಹೋಗಲ್ಲ ಎಂದು ಕೋಣೆಯ ಬಾಗಿಲು ಹಾಕಿಕೊಂಡ.

ರಜನಿ ಹೋದ ದಿನ ಯುಗಾದಿ. ಅದು ಅವಳು ಬೇಕೆಂದೇ ಮಾಡಿದ್ದಲ್ಲ. ಸ್ಟಾಜೆ ಹತ್ತಿರ ಬರುತ್ತಿತ್ತು, ಹುಡುಗ ಶಾಲೆಗೆ ಬಂದಿರಲಿಲ್ಲ, ಗಂಟೆ ಆರಾಗಿತ್ತು, ಹೋದಳು. “ಚಿರಾಗ್ ಇದ್ದಾನಾ?” ಎಂದು ಕೇಳಿದ್ದೇ ತಡ, ಬಾಗಿಲು ತೆಗೆದ ನರಹರಿಯ ಹೆಂಡತಿ ಹಿತಾಳ ಮುಖ ಬಿಳುಚಿಕೊಂಡಿತು. ಒಳಗೆ ಹಾಲ್ ತುಂಬ ನೆಂಟರಿಷ್ಟರು, ರೇಷ್ಮೆ ಸೀರೆ, ಒಬ್ಬಟ್ಟಿನ ಘಮ. ನಡುವೆ ಇಂಚರಾ.

“ಅಯ್ಯೋ ರಜನಿ! ಬನ್ನಿ ಬನ್ನಿ. ನಮ್ಮ ಚಿರಾಗ್ ನಿಮ್ಗೂ ಪರಿಚಯಾನಾ? ಪಾಪ, ಎಕ್ಸಾಮ್ ಅಂತೆ, ಮೇಲೆ ಓದ್ತಾ ಇದ್ದಾನೆ” ಎಂದಳು ಇಂಚರಾ.

ನರಹರಿಯ ಕೈಯಲ್ಲಿನ ಒಬ್ಬಟ್ಟು ಬಾಯಿಗೂ ತಟ್ಟೆಗೂ ನಡುವೆ ನಿಂತಿತು.

“ಗೊತ್ತು” ಎಂದಳು ರಜನಿ. “ಒಳ್ಳೆ ಗಂಟಲು ಹುಡುಗಂದು.”

“ಹೌದಾ? ಸಂಗೀತ ಕಲೀತಿದ್ದಾನಾ?”

“ಹ್ಞೂಂ. ಒಂಥರಾ.”

ಒಬ್ಬಟ್ಟು ಬಾಯಿ ಸೇರಿತು. ರಜನಿ ಬೇವು ಬೆಲ್ಲ ತಿಂದು ಸೋಫಾದ ಮೂಲೆ ಹಿಡಿದು ಕೂತಳು. ನೆಂಟರು ಒಬ್ಬೊಬ್ಬರೇ ಎದ್ದರು, ಅರಿಶಿನ ಕುಂಕುಮ ಆಯಿತು, ಇಂಚರಾ ಕೂಡ ಹೊರಟಳು. ರಜನಿ ಏಳಲಿಲ್ಲ. ನರಹರಿ ಲೋಟಗಳನ್ನು ತೆಗೆದ. ಕುಶನ್‌ಗಳನ್ನು ಸರಿಮಾಡಿದ. “ನಾಳೆ ಬೇಗ ಮೀಟಿಂಗ್ ಇದೆ” ಎಂದು ಗೋಡೆಗೆ ಹೇಳಿದ. ಕೊನೆಗೆ ಅವಳ ಕೋಟನ್ನೇ ತಂದು ಕೈಗೆ ಕೊಟ್ಟ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಬೆಚ್ಚಗೆ ಕೂತಳು.

“ಮೇಡಂ, ಹೀಗೆಲ್ಲ ಹೇಳ್ದೆ ಕೇಳ್ದೆ ಬರ್ಬಾರ್ದು. ಅಪಾಯಿಂಟ್‌ಮೆಂಟ್ ತಗೋಬೇಕು. ಇದು ಇಂಡಿಯಾ ಅಲ್ಲ.”

“ಸ್ಟಾಜೆಗೆ ಕಳ್ಸಿ ಸರ್. ಒಂದು ವಾರ ಅಷ್ಟೆ. ಇಲ್ದಿದ್ರೆ ಸ್ಕೂಲೇ ಹೋಗತ್ತೆ.”

“ಸಂತೇಲಿ ಸೊಪ್ಪು ಮಾರ್ಸೋಕೆ ಇಷ್ಟು ದೂರ ಬಂದ್ವಾ ನಾವು? ನಮ್ಮಪ್ಪ ನಂಗೆ ಒಂದು ಮಾರ್ಕ್ಸ್ ಕಮ್ಮಿ ಬಂದ್ರೂ ಊಟಕ್ಕೆ ಕರೀತಿರ್ಲಿಲ್ಲ. ಅವ್ರಿಗೆ ಫೋನಲ್ಲಿ ಏನಂತ ಹೇಳ್ಲಿ? ಈ ಜನಕ್ಕೆ ಏನಂತ ಹೇಳ್ಲಿ?” ನರಹರಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. “ನಂಗೆ ರಾತ್ರಿ ನಿದ್ದೆ ಬರಲ್ಲ ಮೇಡಂ. ಎಲ್ಲಿ ತಪ್ಪಿದೆ ಅಂತಾನೇ ಗೊತ್ತಾಗ್ತಿಲ್ಲ.”

ರಜನಿಗೆ ಅಯ್ಯೋ ಅನ್ನಿಸಿತು. ಕೋಪ ಮಾಡಿಕೊಂಡು ಬಂದವಳಿಗೆ ಕೋಪ ಉಳಿಯಲಿಲ್ಲ, ಅಪ್ಪನ ಪದ್ಧತಿಯೂ ಕೈಕೊಟ್ಟಿತು. ಅಳುವ ಗಂಡಸಿನ ಎದುರು ಎಷ್ಟು ಹೊತ್ತು ಕೂರುವುದು? ಎದ್ದು ಕೋಟು ಹಾಕಿಕೊಂಡು ಬಂದುಬಿಟ್ಟಳು. ಮೇಲಿನ ಕಿಟಕಿಯಲ್ಲಿ ಚಿರಾಗ್ ನಿಂತು ನೋಡುತ್ತಿದ್ದ. ಸೋತ ಮುಖವನ್ನು ಅವನಿಗೆ ತೋರಿಸಬೇಕಾಯಿತಲ್ಲ ಎಂದು ದಾರಿಯುದ್ದಕ್ಕೂ ಸಂಕಟಪಟ್ಟಳು.

ಎರಡು ದಿನ ಬಿಟ್ಟು ಹೆಂಕ್ ಕರೆಸಿದ. “ನೀವು ಎಷ್ಟೊಂದು ಮನೆಗಳಿಗೆ ಊಟದ ಹೊತ್ತಿಗೆ ನುಗ್ಗಿದ್ದೀರಿ. ಒಬ್ಬರೂ ದೂರು ಕೊಟ್ಟಿರಲಿಲ್ಲ. ಮೊದಲನೇ ದೂರು ನಿಮ್ಮ ದೇಶದವರಿಂದಲೇ ಬಂದಿದೆ. ಹೇಳದೆ ಬರುತ್ತಾರಂತೆ.” ಹೆಂಕ್ ನಿಜಕ್ಕೂ ಗೊಂದಲದಲ್ಲಿದ್ದ. “ನಿಮ್ಮಲ್ಲಿ ಹಾಗೆ ಬರುವುದು ಪದ್ಧತಿ ಅಂದಿದ್ದಿರಿ?”

“ಅವರು ನಿಮ್ಮವರಾಗಿದ್ದಾರೆ” ಎಂದಳು ರಜನಿ.

ಏನಾದರಾಗಲಿ, ಇನ್ನು ಮೇಲೆ ಯಾರ ಮನೆಗೂ ಹೋಗುವಂತಿಲ್ಲ ಎಂದು ಅಪ್ಪಣೆಯಾಯಿತು. ಅವಳು ತರಗತಿಗೆ ಬಂದು, ನಾನು ಇನ್ನು ಯಾರ ಮನೆಗೂ ಬರುವ ಹಾಗಿಲ್ಲ, ನಿಮ್ಮ ಕಾಲ ಮೇಲೆ ನೀವೇ ಶಾಲೆಗೆ ಬನ್ನಿ ಎಂದಷ್ಟೇ ಹೇಳಿದಳು. ಚಿರಾಗ್‌ನ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ಅವನು ಮೊಬೈಲಿನಲ್ಲಿ ಅವರಿಗೆಲ್ಲ ತನ್ನ ಪಾಡು ಹೇಳಿಕೊಂಡಿದ್ದ. ಅವತ್ತು ಮಗ್ಗಿ ಎತ್ತಿಕೊಡಲು ಡೆಮಿ ನಿಂತಳು. ನಾಲ್ಕನೆಯ ಸಾಲಿಗೇ ತಾಳ ತಪ್ಪಿ ಎಲ್ಲರೂ ಸುಮ್ಮನಾದರು. ರಜನಿ ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಸ್ಟಾಜೆಗೆ ಮೊದಲಿನ ಶುಕ್ರವಾರ ಸಂಜೆ ಅವಳು ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಗ ಫೋನ್ ಬಂತು. ನರಹರಿ.

“ಮೇಡಂ, ನಿಮ್ಮ ಮಕ್ಳು ಬಂದಿದ್ದಾರೆ!”

“ಯಾವ ಮಕ್ಳು?”

“ಇಡೀ ಕ್ಲಾಸು! ಆರು ಗಂಟೆಗೆ ಸರಿಯಾಗಿ ಬೆಲ್ ಮಾಡಿದ್ರು. ಊಟ ಮಾಡ್ತಿದ್ದೀವಿ ಅಂದೆ. ಪರವಾಗಿಲ್ಲ, ನಿಧಾನಕ್ಕೆ ಮಾಡಿ, ಕಾಯ್ತೀವಿ ಅಂತ ಒಳಗೆ ಬಂದು ಕೂತಿದ್ದಾರೆ. ಸೋಫಾ ಮೇಲೆ, ಮೆಟ್ಲ ಮೇಲೆ, ಎಲ್ಲಾ ಕಡೆ! ಮಾತೂ ಆಡಲ್ಲ, ಏಳೋದೂ ಇಲ್ಲ! ಬಂದು ಕರ್ಕೊಂಡು ಹೋಗಿ!”

ರಜನಿ ಒಲೆ ಆರಿಸಿದಳು. ಗುರುವಿಗೇ ತಿರುಮಂತ್ರ ಎಂದು ಕೇಳಿದ್ದಳು, ಗುರುವಿನ ಮಂತ್ರ ಹೀಗೆ ಊರು ಸುತ್ತುತ್ತದೆ ಎಂದು ಅಂದುಕೊಂಡಿರಲಿಲ್ಲ. ನಗು ಉಕ್ಕಿ ಬಂತು, ತಡೆದುಕೊಂಡಳು.

“ನಾನು ಬರೋ ಹಾಗಿಲ್ವಲ್ಲ ಸರ್. ನೀವೇ ಕಂಪ್ಲೇಂಟ್ ಕೊಟ್ಟಿದ್ದೀರಿ. ಅಪಾಯಿಂಟ್‌ಮೆಂಟ್ ಬೇಕು.”

“ಕೊಟ್ಟೆ ಮೇಡಂ! ಈಗಿಂದೀಗ್ಲೇ ಕೊಟ್ಟೆ! ಬನ್ನಿ!”

ಅವಳು ಸೈಕಲ್ ತುಳಿದು ಹೋಗುವಷ್ಟರಲ್ಲಿ ಹಿತಾ ಸೋತಿದ್ದಳು. ಎಷ್ಟು ಡಚ್ಚರಾದರೂ, ಮನೆಗೆ ಬಂದವರು ನೋಡುತ್ತಾ ಕೂತಿರುವಾಗ ತುತ್ತು ಎತ್ತುವುದು ಕನ್ನಡದ ಹೆಂಗಸಿಗೆ ಸಾಧ್ಯವಾಗುವುದಿಲ್ಲ. ಹಬ್ಬದ ದೊಡ್ಡ ಪಾತ್ರೆ ಇಳಿಸಿ ಉಪ್ಪಿಟ್ಟು ಕೆದಕಿದ್ದಳು. ಪುಂಡರೆಲ್ಲ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಡೆಮಿ ಉಪ್ಪಿಟ್ಟಿಗೆ ಆ್ಯಪಲ್ ಸಾಸ್ ಕೇಳಿ ಹಾಕಿಸಿಕೊಂಡಿದ್ದಳು. ಅದನ್ನು ನೋಡಿದ ರಜನಿ ಮುಖ ಬೇರೆ ಕಡೆ ತಿರುಗಿಸಿದಳು. ಬಡಿಸುತ್ತಿದ್ದವನು ಚಿರಾಗ್. ಅಷ್ಟು ದಿನ ತೆರೆಯದ ಬಾಗಿಲು ತೆರೆದು ಬಂದಿದ್ದ.

“ಯಾಕ್ ಬಂದ್ರು ಇವ್ರೆಲ್ಲ? ಏನ್ ಬೇಕಂತೆ?” ಎಂದು ನರಹರಿ ಕನ್ನಡದಲ್ಲಿ ಕೇಳಿದ. ರಜನಿ ಅದನ್ನೇ ಡಚ್ಚಿನಲ್ಲಿ ಡೆಮಿಗೆ ಕೇಳಿದಳು.

“ಇವನಿಲ್ಲದೆ ನಮಗೆ ಏಳರ ಮಗ್ಗಿ ಬರ್ತಿಲ್ಲ” ಎಂದಳು ಡೆಮಿ, ಬಾಯಿ ತುಂಬಾ ಉಪ್ಪಿಟ್ಟು ತುಂಬಿಕೊಂಡು. “ಇವನನ್ನು ಸ್ಟಾಜೆಗೆ ಕಳಿಸದಿದ್ರೆ ಸ್ಕೂಲಿಂದ ತೆಗೀತಾರೆ. ನೀವು ಹ್ಞೂಂ ಅನ್ನೋವರೆಗೆ ನಾವು ಏಳಲ್ಲ. ನಾಳೇನೂ ಆರು ಗಂಟೆಗೆ ಬರ್ತೀವಿ. ಎತ್ತಿಕೊಡು ಚಿರಾಗ್, ತೋರ್ಸು ನಿಮ್ಮಪ್ಪಂಗೆ.”

ಚಿರಾಗ್ ಬಡಿಸುವ ಸೌಟು ಹಿಡಿದೇ ಎತ್ತಿಕೊಟ್ಟ. ಮೆಟ್ಟಿಲ ತುದಿಯಿಂದ ಬುಡದವರೆಗೆ ಏಳರ ಮಗ್ಗಿ ಉರುಳಿ ಬಂತು. ಷೋಕೇಸಿನ ಗಾಜು ಗಿಲಿಗುಟ್ಟಿತು. ನರಹರಿ ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿದವನು ಹಾಗೇ ನಿಂತ. ಇದೇ ರಾಗದಲ್ಲಿ ಇವನೂ ಮೈಸೂರಿನ ಶಾಲೆಯ ನೆಲದ ಮೇಲೆ ಕೂತು ಕೂಗಿದ್ದವನೇ ತಾನೆ. ಪಾದ ತಾನಾಗಿ ತಾಳ ಹಾಕುತ್ತಿತ್ತು. ಏಳೆಂಟ್ಲೆ ಬಂತು. ಮನೆಯೆಲ್ಲ ಗಪ್ ಚಿಪ್. ಅಷ್ಟೂ ಬೆರಳುಗಳು, ಚಿರಾಗ್‌ನ ಸೌಟೂ ಸೇರಿ, ನರಹರಿಯ ಕಡೆ ತಿರುಗಿದವು.

“ಐವತ್ತಾರು!” ಎಂದು ನರಹರಿ ಕನ್ನಡದಲ್ಲಿ ಕಿರುಚಿದ. ಅಪ್ಪನ ಬಾಯಿಂದ ಆ ದನಿ ಬಂದದ್ದು ನೋಡಿ ಚಿರಾಗ್ ಕಣ್ಣರಳಿಸಿದ. ಆ ಕಂಠ ಎಲ್ಲಿಂದ ಬಂದದ್ದು ಎಂಬುದು ರಜನಿಗೆ ಅವತ್ತು ಗೊತ್ತಾಯಿತು.

ಮಕ್ಕಳು ಕೇಕೆ ಹಾಕಿದರು. ನರಹರಿ ಮೆಟ್ಟಿಲ ಮೇಲೆ, ಡೆಮಿಯ ಪಕ್ಕ, ದೊಪ್ಪನೆ ಕೂತ. ಆಮೇಲೆ, “ಒಂದು ವಾರ ತಾನೆ” ಎಂದ, ತನಗೆ ತಾನೇ ಹೇಳಿಕೊಳ್ಳುವವನಂತೆ. “ಹೋಗ್ಲಿ.”

ಒಂದು ವಾರವೇನೋ ಸರಿ, ಅದರ ಕೊನೆಯಲ್ಲಿ ಶನಿವಾರ ಇತ್ತು.

ಆ ಶನಿವಾರ ರಜನಿ ಬೇಡದಿದ್ದರೂ ಬೆಂಡೆಕಾಯಿಗೆಂದು ಸಂತೆಗೆ ಹೋದಳು. ದೂರದಿಂದಲೇ ಕಂಠ ಕೇಳಿಸಿತು. ಏಪ್ರನ್ ಕಟ್ಟಿದ ಚಿರಾಗ್ ಟೊಮೆಟೊ ರಾಶಿಯ ಹಿಂದೆ ಪೆಟ್ಟಿಗೆಯ ಮೇಲೆ ನಿಂತು ಡಚ್ಚಿನಲ್ಲಿ ಕೂಗುತ್ತಿದ್ದ. ಅವನ ಕೂಗಿನಲ್ಲಿ ಏಳರ ಮಗ್ಗಿಯ ರಾಗ ಇತ್ತು. ಪಕ್ಕದ ಅಂಗಡಿಯವರು ಸಪ್ಪೆ ಮುಖ ಮಾಡಿಕೊಂಡಿದ್ದರು. ಇದ್ರಿಸ್ ಕೈ ಕಟ್ಟಿ ನಿಂತು ನಗುತ್ತಿದ್ದ. ಗಿರಾಕಿಗಳ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಇಂಚರಾ, ಒಂದಷ್ಟು ಹಿಂದೆ, ಚೀಲ ಎದೆಗವಚಿಕೊಂಡು, ನರಹರಿ.

ರಜನಿ ಅಲ್ಲೇ ಹೆಜ್ಜೆ ನಿಲ್ಲಿಸಿದಳು. ಇನ್ನೇನು ಇವನು ತಿರುಗಿ ಹೋಗುತ್ತಾನೆ, ಹುಡುಗ ಅದನ್ನು ನೋಡುತ್ತಾನೆ, ಇಷ್ಟು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗುತ್ತದೆ ಎಂದುಕೊಂಡಳು.

“ನರಹರಿಯವ್ರೇ!” ಇಂಚರಾ ತಿರುಗಿ ನೋಡಿ ಕೂಗಿದಳು. ಸಾಲಿನಲ್ಲಿದ್ದ ಕೂಟದವರೆಲ್ಲ ತಿರುಗಿದರು. “ಈ ಹುಡುಗ ಥೇಟ್ ನಿಮ್ಮ ಚಿರಾಗ್ ಥರಾನೇ ಇದ್ದಾನಲ್ರೀ!”

ಚಿರಾಗ್ ಕೂಗುವುದನ್ನು ನಿಲ್ಲಿಸಿದ. ಅಪ್ಪನನ್ನು ನೋಡಿದ.

ನರಹರಿ ಎದೆಗವಚಿದ್ದ ಚೀಲವನ್ನು ಕೆಳಗಿಳಿಸಿದ. “ಥರ ಅಲ್ಲ ಇಂಚರಾ ಅವ್ರೇ. ಅವ್ನೇ. ನನ್ನ ಮಗಾನೇ” ಎಂದ. ದನಿ ಮೊದಲು ಸಣ್ಣದಿತ್ತು, ಆಮೇಲೆ ಅವತ್ತು ‘ಐವತ್ತಾರು’ ಎಂದು ಕಿರುಚಿದಾಗಿನಂತೆ ದೊಡ್ಡದಾಯಿತು. “ಇಲ್ಲೇ ನಮ್ಮನೆ ಹತ್ರದ ಸ್ಕೂಲಲ್ಲಿ ಓದ್ತಾನೆ, ರಜನಿ ಮೇಡಂ ಕ್ಲಾಸಲ್ಲಿ. ಕೊತ್ತಂಬರಿ ಬೇಕಾ ನಿಮ್ಗೆ? ಇರಿ, ಒಂದು ಕಟ್ಟು ಜಾಸ್ತಿ ಹಾಕಿಸ್ಕೊಡ್ತೀನಿ.” ಎಂದವನು ಹೆಮ್ಮೆಯಿಂದ ಎಲ್ಲರನ್ನೂ ಸರಿಸಿಕೊಂಡು ಮುಂದಕ್ಕೆ ನುಗ್ಗಿದ.

ಹುಟ್ಟಿದಾಗಿನಿಂದ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಡಚ್ಚಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗ ಪೆಟ್ಟಿಗೆಯ ಮೇಲಿಂದ, ಇಡೀ ಸಂತೆಗೆ ಕೇಳುವಂತೆ, ಮುಖ ತುಂಬಾ ನಗುತ್ತಾ ಕೂಗಿದ:

“ಅಪ್ಪಾ, ಲೈನಲ್ಲಿ ಬಾ!”